ಒಂದೇ ಲಾಟಿನ ಎರಡು ಡಿಸ್ಕು

ಸುಟ್ಟ ಬೋರ್ಡಿನ ವಾಸನೆ ಬೋರ್ಡಕ್ಕನ ಮೂಗಿಗೆ ಮಾರು ದೂರದಿಂದಲೇ ಬಡಿಯುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟು ಕೂಗಿದಳು.

"ಯಾವ ಪುಣ್ಯಾತ್ಮ ಎಲ್ಲಿಗೆ ಏನು ಚುಚ್ಚಿದ?"

"ನಾನೇ" ಎಂದ ಗಂಡ. ಎತ್ತರದ ಆಳು. ಮೈಮೇಲೆ ಬಸ್ ಡ್ರೈವರನ ಯೂನಿಫಾರಂ, ಗಂಟಲು ಎಂಥದೆಂದರೆ ಅವನ ಬಸ್ಸಿಗೆ ಹಾರ್ನ್ ದಂಡ. "ಲ್ಯಾಪ್‌ಟಾಪಿನ ಅಡಾಪ್ಟರ್ ಈ ಡಿಸ್ಕಿಗೂ ಸರಿಯಾಗಿ ಕೂತ್ಕೊಳ್ತು. ಕೂತ್ಕೊಳ್ತಲ್ಲ ಅಂತ ಸ್ವಿಚ್ ಹಾಕಿದೆ. ಟಪ್ ಅಂತು."

"ಕೂತ್ಕೊಳ್ಳೋದೆಲ್ಲ ಕುರ್ಚಿನೇನ್ರೀ? ಹನ್ನೆರಡು ವೋಲ್ಟಿನ ಡಿಸ್ಕಿಗೆ ಹತ್ತೊಂಬತ್ತು ಕುಡಿಸಿದ್ರೆ ಟಪ್ ಅನ್ನದೆ ಹಾಡುತ್ತಾ?"

ಬೋರ್ಡಕ್ಕನ ನಾಲಿಗೆ ಹೀಗೆಯೇ. ಕೋಪ ಮೂಗಿನ ತುದಿಯಲ್ಲಿ, ಕನ್ನಡಕ ಅದರ ಮೇಲೆ. ಹಳೆಯ ಕಟ್ಟಡದ ಮಹಡಿ ಮೆಟ್ಟಿಲ ಕೆಳಗೆ ಒಂದು ಮಂಚ ಹಿಡಿಸುವಷ್ಟು ಜಾಗದಲ್ಲಿ ಅವಳ ಅಂಗಡಿ. ಕೆಟ್ಟ ಹಾರ್ಡ್ ಡಿಸ್ಕು ಬಿಟ್ಟು ಬೇರೇನನ್ನೂ ಮುಟ್ಟುವವಳಲ್ಲ. ಮೂರು ಗೋಡೆಗೂ ತಗಡಿನ ಡಬ್ಬಗಳು, ಡಬ್ಬಗಳ ತುಂಬ ಕಾಗದ ಸುತ್ತಿದ ಹಸಿರು ಬೋರ್ಡುಗಳು. ಹಾಗಾಗಿ ಬೀದಿಯವರಿಟ್ಟ ಹೆಸರು ಬೋರ್ಡಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೇ ಮರೆಯುತ್ತ ಬಂದಿತ್ತು.

"ಒಳಗೆ ಏನಿದೆ? ಮದುವೆ ಫೋಟೋನಾ, ಲೆಕ್ಕಪತ್ರನಾ?"

ಗಂಡ ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿ ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ಕತ್ತಿಗೆ ತೆಳ್ಳನೆಯ ಬಟ್ಟೆ ಸುತ್ತಿಕೊಂಡಿದ್ದಳು. ಉಸಿರು ಮೂಗಿನಿಂದ ಬರುತ್ತಿರಲಿಲ್ಲ, ಆ ಬಟ್ಟೆಯ ಹಿಂದಿನಿಂದ ಸಣ್ಣಗೆ ಸುಯ್ಯೆಂದು ಬರುತ್ತಿತ್ತು. ಚೀಲದಿಂದ ಅಂಗೈಯಗಲದ ಕಪ್ಪು ಬಟ್ಟೆಯನ್ನೂ, ಟೈಲರುಗಳು ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣವನ್ನೂ ತೆಗೆದು ಬರೆದಳು.

"ನನ್ನ ದನಿ."

ಬೋರ್ಡಕ್ಕ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದಳು.

ಉಳಿದದ್ದನ್ನು ಡ್ರೈವರನೇ ಹೇಳಿದ. ಹೆಂಡತಿ ಟೈಲರು. ಎರಡು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆಯಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಅದಕ್ಕೆ ಮೊದಲು ಆಸ್ಪತ್ರೆಯವರು ಅವಳನ್ನು ದಿನಾ ಒಂದು ಕೋಣೆಯಲ್ಲಿ ಕೂರಿಸಿ ನೂರಾರು ವಾಕ್ಯ ಓದಿಸಿ, ಎಲ್ಲವನ್ನೂ ಈ ಡಿಸ್ಕಿಗೆ ತುಂಬಿಸಿ ಕೈಗೆ ಕೊಟ್ಟಿದ್ದರು. ಈ ಮಾತುಗಳಿಂದ ನಿನ್ನ ದನಿಯನ್ನೇ ಕಟ್ಟಿ ಫೋನಿನಲ್ಲಿ ಕೂರಿಸುವ ಯಂತ್ರ ಬರುತ್ತದೆ, ಆಗ ತಗೊಂಡು ಬಾ ಎಂದಿದ್ದರು. ಯಂತ್ರ ಈಗ ಬಂದಿತ್ತು.

"ಆಸ್ಪತ್ರೆಯವರ ಹತ್ರ ನಕಲು ಇಲ್ವಾ?"

"ನಿಮ್ಮದು ನಿಮ್ಮ ಕೈಲಿ ಅಂದುಬಿಟ್ರು. ಇಷ್ಟು ದಿನ ಇವಳು ಅದನ್ನ ಬೀರುವಿನಿಂದ ಆಚೆ ತೆಗೆಯೋಕೇ ಬಿಟ್ಟಿರಲಿಲ್ಲ. ತಗೊಂಡು ಹೋಗೋಕೆ ಮುಂಚೆ ಒಂದು ಸಲ ಕೇಳೋಣ ಅಂತ..."

"ಫೋನಲ್ಲೂ ಏನೂ ಇಲ್ವಾ?"

"ಹಳೇ ಫೋನು ಬಸ್ಸಿನ ಚಕ್ರಕ್ಕೆ ಸಿಕ್ತು."

"ಯಾರ ಬಸ್ಸು?"

ಡ್ರೈವರ್ ನೆಲ ನೋಡಿದ. ಹೆಂಡತಿ ಅವನತ್ತ ಬೆರಳು ತೋರಿಸಿದಳು. ಬೋರ್ಡಕ್ಕನಿಗೆ ನಗು ಬಂತು. ಆದರೆ ಆ ಹೆಂಗಸಿನ ಮುಖ ನೋಡಿ ನುಂಗಿಕೊಂಡಳು. ಈ ಡಿಸ್ಕು ಹೋದರೆ ಅವಳಿಗೆ ಇನ್ನು ಉಳಿದ ಕಾಲಕ್ಕೆಲ್ಲ ಸೀಮೆಸುಣ್ಣವೇ ಗತಿ, ಇಲ್ಲವೇ ಯಂತ್ರದಲ್ಲಿ ಸಿಗುವ ಯಾರದೋ ಬಾಡಿಗೆ ದನಿ.

ಹೊರಗಿನ ಕವಚ ತೆಗೆದು, ಡಿಸ್ಕನ್ನು ಬೋರಲು ಹಾಕಿ ಬೋರ್ಡು ಬಿಚ್ಚಿದಳು. ಮೋಟಾರು ತಿರುಗಿಸುವ ಚಿಪ್ಪಿನ ನಡುವೆ ಸಾಸಿವೆ ಕಾಳಿನಷ್ಟು ತೂತು, ಸುತ್ತ ಕಂದು ಕಲೆ. ಬೋರ್ಡು ಹೋಗಿತ್ತು. ಆದರೆ ಮೂಲೆಯಲ್ಲಿದ್ದ ಎಂಟು ಕಾಲಿನ ಪುಟ್ಟ ಚಿಪ್ಪಿಗೆ ಏನೂ ಆಗಿರಲಿಲ್ಲ.

"ತಂಗಿ, ಕೇಳಿಸ್ಕೋ. ನಿನ್ನ ಮಾತೆಲ್ಲ ಇರೋದು ಒಳಗಿನ ತಟ್ಟೇಲಿ. ಅದಕ್ಕೇನೂ ಆಗಿಲ್ಲ. ಓದಿಸೋ ಬೋರ್ಡು ಸತ್ತಿದೆ. ಇದೇ ನಂಬರಿನ ಇನ್ನೊಂದು ಬೋರ್ಡು ಬೇಕು, ಒಂದಕ್ಷರ ಆಚೀಚೆ ಆಗಬಾರದು. ಸಿಕ್ಕಮೇಲೆ ಈ ಎಂಟು ಕಾಲಿನದನ್ನ ಕಿತ್ತು ಅದಕ್ಕೆ ಕೂರಿಸಬೇಕು. ಒಂದೊಂದು ಡಿಸ್ಕಿಗೂ ಒಂದೊಂದು ನಡೆ ಇರುತ್ತೆ, ಆ ನಡೆ ಬರೆದಿರೋದು ಇದರಲ್ಲಿ. ಇದಿಲ್ಲದಿದ್ರೆ ಡಿಸ್ಕಿಗೆ ತಾನು ಯಾರು ಅಂತಲೇ ಗೊತ್ತಾಗಲ್ಲ. ಟಕ್ ಟಕ್ ಅಂತ ತಲೆ ಚಚ್ಕೊಂಡು ಕೂತಿರುತ್ತೆ."

ಟೈಲರ್ ತಲೆಯಾಡಿಸಿದಳು. ಬೋರ್ಡಕ್ಕ ಡಿಸ್ಕಿನ ಮೈಮೇಲೆ ಕೆಂಪು ಉಗುರುಬಣ್ಣದಿಂದ ಒಂದು ಬೊಟ್ಟು ಇಟ್ಟಳು. ಗಿರಾಕಿ ಡಿಸ್ಕಿಗೆ ಕೆಂಪು, ಬೋರ್ಡು ಕೊಡುವ ಡಿಸ್ಕಿಗೆ ನೀಲಿ. ಕೈಗೆ ಬಂದ ತಕ್ಷಣ ಬೊಟ್ಟು ಬೀಳಲೇಬೇಕು.

ಡಬ್ಬಗಳನ್ನು ಒಂದೊಂದಾಗಿ ಇಳಿಸಿ ಹುಡುಕಿದಳು. ಅದೇ ನಂಬರು, ಕೊನೆಯ ಅಕ್ಷರ ಮಾತ್ರ ಬೇರೆ ಇದ್ದ ಒಂದು ಬೋರ್ಡು ಸಿಕ್ಕಿತು. ಪಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳ ಹಾಗೆ.

"ಇದೇ ಅಲ್ವಾ ಅಕ್ಕಾ? ಹಾಕಿಬಿಡಿ" ಎಂದ ಡ್ರೈವರ್.

"ಹಾಕಿಬಿಡಿ! ಕೂತ್ಕೊಳ್ತು ಅಂತ ಒಂದು ಸಲ ಸುಟ್ಟಿದ್ದು ಸಾಲಲಿಲ್ವಾ? ಆ ಕಡೆ ಸ್ಟೂಲ್ ಮೇಲೆ ಕೂತ್ಕೊಳ್ಳಿ. ಇಲ್ಲ, ಬೇಡ, ಮನೆಗೆ ಹೋಗಿ. ಸಿಕ್ಕಾಗ ಫೋನ್ ಮಾಡ್ತೀನಿ."

ಹೋಗುವಾಗ ಟೈಲರ್ ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು. ಬೋರ್ಡಕ್ಕನನ್ನಲ್ಲ, ಡಿಸ್ಕನ್ನು. ಮಗುವನ್ನು ಬೇರೆಯವರ ಮನೆಯಲ್ಲಿ ಬಿಟ್ಟು ಹೋಗುವವಳ ಹಾಗೆ.

*

ಬೋರ್ಡಕ್ಕನ ಮೈದುನನಿಗೆ ಊರಾಚೆ ಗುಜರಿ ಗೋಡೌನಿತ್ತು. ಅವನಿಗೆ ಫೋನ್ ಹಚ್ಚಿದಳು.

"ಅತ್ತಿಗೆ, ನಿಮ್ಮ ನಂಬರ್ ಕಂಡ್ರೆ ಎದೆ ಹೊಡ್ಕೊಳ್ಳುತ್ತೆ. ಪಾಪ, ನಮ್ಮಣ್ಣ ಇಪ್ಪತ್ತು ವರ್ಷ ಹೇಗೆ ತಡ್ಕೊಂಡನೋ."

"ನಿಮ್ಮಣ್ಣ ಬಾಯಿ ಮುಚ್ಕೊಂಡು ಹೇಳಿದ ಕೆಲಸ ಮಾಡ್ತಿದ್ದ. ನಂಬರ್ ಬರ್ಕೋ."

ಅವನು ಮೊದಲು ತಂದ ಎರಡು ಡಿಸ್ಕಿನ ನಂಬರೂ ತಾಳೆಯಾಗಲಿಲ್ಲ. "ಕಣ್ಣು ಎಲ್ಲಿಟ್ಕೊಂಡಿದೀಯ?" ಎಂದು ಬೈಸಿಕೊಂಡು ಹೋದ. ಮುಂದಿನ ವಾರ ಮತ್ತೊಂದು ತಂದು ಮೇಜಿನ ಮೇಲಿಟ್ಟು, ಬೈಗುಳಕ್ಕೆ ಸಿದ್ಧನಾಗಿ ಎರಡು ಹೆಜ್ಜೆ ಹಿಂದೆ ನಿಂತ.

ಬೋರ್ಡಕ್ಕ ಬೈಯಲಿಲ್ಲ. ಭೂತಗನ್ನಡಿ ಹಿಡಿದು ಎರಡನ್ನೂ ಹೋಲಿಸಿದಳು. ನಂಬರು ಅದೇ. ಕೊನೆಯ ಅಕ್ಷರವೂ ಅದೇ. ಕಾರ್ಖಾನೆಯಿಂದ ಹೊರಟ ತಾರೀಕೂ ಅದೇ. ಇಷ್ಟು ವರ್ಷದಲ್ಲಿ ಅವಳಿಗೆ ಇಷ್ಟು ಸರಿಹೊಂದುವ ಜೋಡಿ ಸಿಕ್ಕಿರಲಿಲ್ಲ. ಆಮೇಲೆ ಹೊರಗಿನ ಕಪ್ಪು ಕವಚ ನೋಡಿದಳು. ಟೈಲರ್ ಡಿಸ್ಕಿನ ಕವಚದ ಮೇಲೆ ಎಡಮೂಲೆಯಲ್ಲಿ ಆಸ್ಪತ್ರೆಯ ಬಿಳಿ ಚೀಟಿ ಅಂಟಿಸಿತ್ತು. ಇದರ ಮೇಲೆ ಅದೇ ಮೂಲೆಯಲ್ಲಿ, ಅದೇ ಅಳತೆಯಲ್ಲಿ, ಚೀಟಿ ಕಿತ್ತ ಮಾಸಲು ಗುರುತು.

"ಇದನ್ನ ಎಲ್ಲಿಂದ ತಂದೆ?"

"ಯಾವುದೋ ಬಾಡಿಗೆ ಮನೆ ಖಾಲಿ ಮಾಡಿಸಿದ್ರು. ಒಂಟಿ ಹೆಂಗಸಂತೆ, ಹೋಗ್ಬಿಟ್ರಂತೆ. ತಮ್ಮದು ಅಂತ ಕೇಳ್ಕೊಂಡು ಯಾರೂ ಬರ್ಲಿಲ್ಲ ಅಂತ ಓನರ್ರು ಮೂಟೆ ಕಟ್ಟಿ ತೂಕಕ್ಕೆ ಹಾಕಿದ್ರು. ಯಾಕೆ ಅತ್ತಿಗೆ, ಮುಖ ಹೀಗಾಯ್ತು?"

"ಬೆಳಕು ಕಡಿಮೆ. ನೀನು ಹೋಗು."

ಅವನು ಹೋದ ಮೇಲೆ ಡಿಸ್ಕಿಗೆ ನೀಲಿ ಬೊಟ್ಟು ಇಟ್ಟಳು.

ಬೋರ್ಡಕ್ಕನಿಗೆ ತನ್ನದೇ ಒಂದು ಕಟ್ಟಳೆಯಿತ್ತು. ಬೋರ್ಡು ಕೊಡುವ ಡಿಸ್ಕಿಗೆ ಇನ್ನೂ ಜೀವವಿದ್ದರೆ, ಒಳಗಿರುವುದನ್ನು ನಕಲು ಮಾಡಿಟ್ಟುಕೊಳ್ಳದೆ ಅದರ ಬೋರ್ಡು ಕೀಳುವಂತಿಲ್ಲ. ಬೇರೆ ರಿಪೇರಿಯವರು ಇದಕ್ಕೆ ನಗುತ್ತಿದ್ದರು. ಗುಜರಿಗೆ ಬಿದ್ದದ್ದಕ್ಕೆ ಎಂಥ ಮರ್ಯಾದೆ ಎನ್ನುತ್ತಿದ್ದರು. "ನಿಮ್ಮ ಅಪ್ಪನ ಕಿಡ್ನಿ ತಗೊಳ್ಳೋವಾಗಲೂ ಹಾಗೇ ಅನ್ನಿ" ಎಂದು ಅವಳು ಅವರ ಬಾಯಿ ಮುಚ್ಚಿಸುತ್ತಿದ್ದಳು.

ನೀಲಿ ಡಿಸ್ಕಿಗೆ ತಂತಿ ಸಿಕ್ಕಿಸಿ ಸ್ವಿಚ್ ಹಾಕಿದಳು. ಸುಂಯ್ ಎಂದು ತಿರುಗಿತು. ಗಟ್ಟಿ ಜೀವ. ಪರದೆಯ ಮೇಲೆ ಸಾಲು ಸಾಲಾಗಿ ನಂಬರು ಹಾಕಿದ ಫೈಲುಗಳು. ನಕಲಿಗೆ ಬಿಟ್ಟು, ಏನಿರಬಹುದೆಂದು ಮೊದಲನೆಯದನ್ನು ಒತ್ತಿದಳು.

ಒಂದು ಉಸಿರು. ಆಮೇಲೆ ಒಬ್ಬ ಹೆಂಗಸು ತೀರ ಹತ್ತಿರದಿಂದ, ಕಿವಿಯ ಪಕ್ಕದಲ್ಲೇ ಕೂತವಳಂತೆ ಹೇಳಿದಳು:

"ನನಗೆ ಸ್ವಲ್ಪ ನೀರು ಬೇಕು."

ಬೋರ್ಡಕ್ಕ ಗೊತ್ತಿಲ್ಲದೆಯೇ ನೀರಿನ ಬಾಟಲಿಯತ್ತ ಕೈ ಚಾಚಿದಳು. ಚಾಚಿದ ಕೈ ನೋಡಿಕೊಂಡು ತನಗೇ ಬೈದುಕೊಂಡಳು.

"ಬಾಗಿಲ ಹತ್ತಿರ ಯಾರಿದ್ದಾರೆ?"

ತೆಳುವಾದ, ಮೃದುವಾದ, ತುದಿಯಲ್ಲಿ ಸ್ವಲ್ಪ ನಡುಗುವ ದನಿ.

"ಏಣಿಯ ಮೇಲೆ ಒಂಟಿ ಹಕ್ಕಿ ಕೂತಿದೆ. ಛತ್ರಿ ಒಣಗಿದೆ, ಮಡಚಿ ಇಡು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ."

ತಲೆಬುಡವಿಲ್ಲದ ಮಾತು. ಎಲ್ಲ ಅಕ್ಷರವೂ ಬಾಯಿಗೆ ಬರಲಿ ಎಂದು ಯಾರೋ ಕೂತು ಕಟ್ಟಿದ ವಾಕ್ಯಗಳು. ಬೋರ್ಡಕ್ಕನಿಗೆ ಆಗ ಲೆಕ್ಕ ಹತ್ತಿತು. ಆಸ್ಪತ್ರೆಯವರು ಒಂದೇ ಲಾಟಿನಲ್ಲಿ ರಾಶಿ ಡಿಸ್ಕು ಕೊಂಡು ರೋಗಿಗಳಿಗೆಲ್ಲ ಹಂಚಿದ್ದಾರೆ. ಟೈಲರಿನ ಡಿಸ್ಕಿಗೆ ಇಷ್ಟು ಚೆನ್ನಾಗಿ ಹೊಂದುವ ಬೋರ್ಡು ಸಿಗುವುದಿದ್ದರೆ ಇಂಥದೇ ಇನ್ನೊಬ್ಬಳ ಡಿಸ್ಕಿನಲ್ಲೇ ಸಿಗಬೇಕು. ಒಂದು ದನಿಯನ್ನು ಎಬ್ಬಿಸಲು ಇನ್ನೊಂದು ದನಿಯ ಬೆನ್ನು ಬಿಚ್ಚಬೇಕು.

"ಸಿಕ್ತಾ?"

ಬೋರ್ಡಕ್ಕ ಬೆಚ್ಚಿಬಿದ್ದು ತಿರುಗಿದಳು. ಬಾಗಿಲಲ್ಲಿ ಡ್ರೈವರ್, ಹಿಂದೆ ಟೈಲರ್. ಕರೆಯದಿದ್ದರೂ ವಿಚಾರಿಸಿಕೊಂಡು ಹೋಗೋಣವೆಂದು ಬಂದಿದ್ದರು. ಡ್ರೈವರನ ಕಣ್ಣು ಆಗಲೇ ತುಂಬಿತ್ತು.

"ಇವಳೇ" ಎಂದ. ಅವನ ಗಂಟಲಿನಿಂದ ಅಷ್ಟು ಸಣ್ಣ ಸದ್ದು ಬರಬಹುದೆಂದು ಬೋರ್ಡಕ್ಕ ಅಂದುಕೊಂಡಿರಲಿಲ್ಲ. "ಅಯ್ಯೋ, ಇವಳೇ. ಕೇಳಿಸ್ತೇನೇ? ನಿನ್ನ ದನಿ ಬಂತು ನೋಡೇ."

ಅಲ್ಲ ಎಂದು ಹೇಳಲು ಬೋರ್ಡಕ್ಕ ಬಾಯಿ ತೆರೆದಳು. ಆಗ ಟೈಲರಿನ ಮುಖ ಕಂಡಿತು.

ಟೈಲರ್ ಗೋಡೆಗೆ ಒರಗಿ ನಿಂತಿದ್ದಳು. ಅವಳ ತುಟಿ ಅಲುಗುತ್ತಿತ್ತು. ಆ ವಾಕ್ಯಗಳನ್ನೆಲ್ಲ ಅವಳೂ ದಿನಗಟ್ಟಲೆ ಓದಿದ್ದಳಲ್ಲ, ಬಾಯಿಪಾಠ ಬಂದಿತ್ತು. ಸ್ಪೀಕರ್ "ಝರಿಯ ನೀರಿನಲ್ಲಿ ಮುಖ ಕಾಣುವುದಿಲ್ಲ" ಎಂದಾಗ ಅವಳ ತುಟಿಯೂ ಅದನ್ನೇ, ಅದೇ ಗಳಿಗೆಗೆ ಅಂದಿತು. ಸ್ಪೀಕರ್ ಉಸಿರೆಳೆದುಕೊಂಡಾಗ ಅವಳ ಕತ್ತಿನ ಬಟ್ಟೆ ಒಳಕ್ಕೆ ಹೋಯಿತು. ದನಿ ಹೊರಡುತ್ತಿದ್ದುದು ಮೇಜಿನ ಮೇಲಿನ ಡಬ್ಬಿಯಿಂದಲೋ ಆ ಬಾಯಿಂದಲೋ ಹೇಳುವುದು ಕಷ್ಟವಾಗಿತ್ತು. ಬೋರ್ಡಕ್ಕ ಸರಕ್ಕನೆ ಸ್ಪೀಕರಿನ ತಂತಿ ಎಳೆದಳು. ದನಿ ನಿಂತಿತು. ತುಟಿ ಮಾತ್ರ ಇನ್ನೂ ಒಂದು ವಾಕ್ಯ ನಡೆಯಿತು.

"ಯಾಕೆ ನಿಲ್ಲಿಸಿದ್ರಿ?" ಡ್ರೈವರ್ ಗದರಿದ.

"ಇದು ನಿಮ್ಮ ಡಿಸ್ಕಲ್ಲ."

"ಏನಂದ್ರಿ?"

"ನಿಮ್ಮದು ಅಲ್ಲಿದೆ. ನೋಡಿ, ಕೆಂಪು ಬೊಟ್ಟು. ಬೋರ್ಡೇ ಇಲ್ಲ ಅದಕ್ಕೆ, ಹೇಗೆ ಮಾತಾಡುತ್ತೆ? ಇದು ಬೋರ್ಡು ತಗೊಳ್ಳೋಕೆ ಅಂತ ತರಿಸಿದ್ದು. ಬೇರೆ ಯಾರೋ ಹೆಂಗಸು."

"ರೀ ಅಕ್ಕಾ, ಹದಿನೆಂಟು ವರ್ಷ ಸಂಸಾರ ಮಾಡಿದೀನಿ. ನನ್ನ ಹೆಂಡ್ತಿ ದನಿ ನನಗೆ ಗೊತ್ತಾಗಲ್ವಾ?"

"ಅವಳನ್ನೇ ಕೇಳಿ."

ಇಬ್ಬರೂ ಟೈಲರಿನತ್ತ ತಿರುಗಿದರು. ಅವಳು ಕಪ್ಪು ಬಟ್ಟೆ ಬಿಡಿಸಿದಳು. ಬರೆದದ್ದು ಎರಡೇ ಪದ.

"ಇರಬಹುದು. ಗೊತ್ತಿಲ್ಲ."

ತನ್ನ ದನಿಯನ್ನು ಅವಳು ಒಳಗಿನಿಂದ ಕೇಳಿದ್ದಳೇ ಹೊರತು ಹೊರಗಿನಿಂದ ಯಾವತ್ತೂ ಕೇಳಿರಲಿಲ್ಲ.

ಬೋರ್ಡಕ್ಕನಿಗೆ ರೇಗಿತು. ಯಾರ ಮೇಲೆಂದು ಅವಳಿಗೇ ತಿಳಿಯಲಿಲ್ಲ. "ಕೂತ್ಕೊಳ್ಳಿ ಇಬ್ರೂ. ಈಗಲೇ ಮುಗಿಸ್ತೀನಿ. ನಾನು ಹೇಳೋ ತನಕ ಯಾರೂ ತುಟಿ ಪಿಟಕ್ ಅನ್ನಬಾರದು." ಹೇಳಿದ ಮೇಲೆ ಟೈಲರಿನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ಟೈಲರ್ ನಕ್ಕಳು. ಕತ್ತಿನ ಬಟ್ಟೆ ಎರಡು ಸಲ ಕುಣಿಯಿತು, ಅಷ್ಟೇ.

ನಕಲು ಮುಗಿದ ಮೇಲೆ ನೀಲಿ ಡಿಸ್ಕಿನ ಬೋರ್ಡು ಬಿಚ್ಚಿದಳು. ಬಿಸಿಗಾಳಿ ಹಾಯಿಸಿ ಅದರ ಎಂಟು ಕಾಲಿನ ಚಿಪ್ಪನ್ನು ಚಿಮುಟದಿಂದ ಎತ್ತಿ ನೀಲಿ ಮುಚ್ಚಳದಲ್ಲಿಟ್ಟಳು. ಆಮೇಲೆ ಸುಟ್ಟ ಬೋರ್ಡಿನ ಚಿಪ್ಪು. ಕೈ ನಡುಗದಿರಲೆಂದು ಮೊಣಕೈಯನ್ನು ಮೇಜಿಗೆ ಒತ್ತಿ, ಉಸಿರು ಬಿಗಿಹಿಡಿದು, ಅದನ್ನು ಖಾಲಿ ಜಾಗದಲ್ಲಿ ಕೂರಿಸಿ ಬೆಸುಗೆ ಹಾಕಿದಳು. ಬೋರ್ಡನ್ನು ಕೆಂಪು ಬೊಟ್ಟಿನ ಡಿಸ್ಕಿಗೆ ಬಿಗಿದಳು. ಅಂಗಡಿಯಲ್ಲಿ ಟೈಲರಿನ ಉಸಿರಿನ ಸುಯ್ಯೆನ್ನುವ ಸದ್ದು ಬಿಟ್ಟು ಬೇರೇನಿರಲಿಲ್ಲ.

ಸ್ವಿಚ್ ಹಾಕಿದಳು. ಡಿಸ್ಕು ಒಂದು ಸಲ ಟಕ್ ಎಂದಿತು. ಆಮೇಲೆ ಸುಂಯ್ ಎಂದು ಒಂದೇ ಸಮನೆ ತಿರುಗತೊಡಗಿತು. ಅವೇ ನಂಬರುಗಳು. ಮೊದಲನೆಯದನ್ನು ಒತ್ತಿದಳು.

"ನನಗೆ ಸ್ವಲ್ಪ ನೀರು ಬೇಕು."

ದಪ್ಪ ದನಿ. ಸ್ವಲ್ಪ ಒರಟು. ನೀರು ಕೇಳುವ ದನಿಯಲ್ಲ, ಯಾಕಿನ್ನೂ ತಂದಿಲ್ಲ ಎಂದು ಕೇಳುವ ದನಿ. ಬೋರ್ಡಕ್ಕನಿಗೆ ಕೇಳಿದ ಕೂಡಲೇ ಇಷ್ಟವಾಯಿತು.

ಡ್ರೈವರ್ ಎದ್ದು ನಿಂತ. "ಇದ್ಯಾರು?"

ಬೋರ್ಡಕ್ಕ ಟೈಲರಿನ ತುಟಿ ನೋಡಿದಳು. ಅಲುಗುತ್ತಿರಲಿಲ್ಲ. ಅವಳು ಕಣ್ಣಗಲಿಸಿ, ಯಾರೋ ಅಪರಿಚಿತರು ಮನೆಯೊಳಗೆ ನುಗ್ಗಿದಾಗ ನೋಡುವಂತೆ ಸ್ಪೀಕರನ್ನೇ ನೋಡುತ್ತಿದ್ದಳು.

"ಅದಲು ಬದಲು ಮಾಡಿದೀರಿ" ಎಂದ ಡ್ರೈವರ್. "ಆ ಚಿಪ್ಪು ಈ ಚಿಪ್ಪು ಅಂತ ಆಟ ಆಡಿ ನನ್ನ ಹೆಂಡ್ತೀನ ಕಳೆದುಬಿಟ್ರಿ!"

"ಬಾಯಿಗೆ ಬಂದಂಗೆ ಮಾತಾಡಬೇಡಿ! ಚಿಪ್ಪು ಬದಲಾದ್ರೆ ಡಿಸ್ಕು ಓದೋದೇ ಇಲ್ಲ. ದನಿ ಇರೋದು ತಟ್ಟೇಲಿ. ನನ್ನ ಕಣ್ಣಿಗೇನು ಪೊರೆ ಬಂದಿದ್ಯಾ?" ಎಂದಳೇನೋ ಸರಿ. ಆದರೂ ಕೈ ತಾನಾಗಿ ಹೋಗಿ ಬೊಟ್ಟು ಮುಟ್ಟಿ ನೋಡಿತು. ಕೆಂಪೇ. ಅವಳ ಕೈಯಲ್ಲಿ ಅಂಥ ತಪ್ಪು ಯಾವತ್ತೂ ಆಗಿರಲಿಲ್ಲ. ಇವತ್ತು ಆಗಿಲ್ಲವೆಂದು ಆಣೆಯಿಟ್ಟು ಹೇಳೆಂದರೆ ಅರೆಗಳಿಗೆ ತಡವರಿಸುತ್ತಿದ್ದಳು.

ಟೈಲರ್ ಬಂದು ಅವಳ ಭುಜ ತಟ್ಟಿ, ಪರದೆಯ ಮೇಲೆ ಪಟ್ಟಿಯ ಕೊನೆಯನ್ನು ತೋರಿಸಿದಳು. ಬಟ್ಟೆಯ ಮೇಲೆ ಬರೆದಳು: "ಕೊನೆಗೆ ಸ್ವಂತ ಮಾತು ಹೇಳಿ ಅಂದಿದ್ದರು."

ಬೋರ್ಡಕ್ಕ ಕೊನೆಯದರ ಹಿಂದಿನದನ್ನು ಒತ್ತಿದಳು. ಅದೇ ದಪ್ಪ ದನಿ.

"ಏನ್ರೀ ಡ್ರೈವರ್ ಸಾಹೇಬ್ರೇ, ನಾನು ಮಾತಾಡೋವಾಗ ಮಧ್ಯೆ ಬಾಯಿ ಹಾಕಬೇಡಿ. ಸಿಸ್ಟರ್, ಇದನ್ನ ಚೆನ್ನಾಗಿ ರೆಕಾರ್ಡ್ ಮಾಡ್ಕೊಳ್ಳಿ, ದಿನಾ ಬೇಕಾಗೋದು ಇದೇ."

ಡ್ರೈವರ್ ಫಕ್ಕನೆ ನಕ್ಕುಬಿಟ್ಟ. ನಗು ಅರ್ಧದಲ್ಲೇ ಬಿದ್ದುಹೋಯಿತು. ಸ್ಟೂಲಿನ ಮೇಲೆ ಕುಸಿದ.

"ಮಾತು ಅವಳದೇ" ಎಂದ. "ಅವಳಲ್ಲದೆ ಯಾರೂ ಹೀಗೆ ಹೇಳಲ್ಲ. ಆದ್ರೆ ದನಿ... ಅಕ್ಕಾ, ಎರಡು ವರ್ಷದಿಂದ ನಾನು ಇವಳ ಜೊತೆ ಮಾತಾಡ್ತಾನೇ ಇದೀನಿ. ಇವಳು ಬಟ್ಟೆ ಮೇಲೆ ಬರೆದದ್ದನ್ನ ಓದೋವಾಗ ತಲೆ ಒಳಗೆ ದನಿ ಕೇಳಿಸುತ್ತೆ. ಬಸ್ಸು ಓಡಿಸೋವಾಗಲೂ ಕೇಳಿಸುತ್ತೆ. ಅದು ಈ ದನಿ ಅಲ್ಲ, ಮೊದಲು ಹಾಕಿದ್ರಲ್ಲ, ಅದು. ಹಾಗಾದ್ರೆ ಇಷ್ಟು ದಿನ ನನ್ನ ತಲೇಲಿ ಮಾತಾಡ್ತಿರೋಳು ಯಾರು?"

ಬೀದಿಯಲ್ಲಿ ಸೈಕಲ್ಲೊಂದು ಬೆಲ್ ಹೊಡೆದು ಹೋಯಿತು.

ಟೈಲರ್ ಬಟ್ಟೆ ಕೊಡವಿದಳು. ಸುಣ್ಣದ ಪುಡಿ ಉದುರಿತು. ಈ ಸಲ ಬರೆಯುವುದು ಬಹಳವಿತ್ತು, ಬರೆದು ಒರೆಸಿ ಮತ್ತೆ ಬರೆದಳು. ಆಗ ಡಾಕ್ಟರು ಹೇಳಿದ್ದರು, ರೆಕಾರ್ಡಿಂಗ್ ಮುಗಿಯುವವರೆಗೆ ಮನೆಯಲ್ಲಿ ಒಂದು ಮಾತೂ ಆಡಬೇಡ, ಗಂಟಲು ಉಳಿಸಿಕೋ ಎಂದು. ಅವಳು ಆಡಿರಲಿಲ್ಲ. ಗಂಡ ದಿನಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ.

"ಹೌದು, ಬಾಗಿಲಿಗೆ ಕಿವಿ ಹಚ್ಚಿ ಕೂತಿರ್ತಿದ್ದೆ" ಎಂದ ಡ್ರೈವರ್. "ಅದೇ ಕೊನೆ ಅಂತ ಗೊತ್ತಿತ್ತಲ್ಲ. ಒಂದೊಂದು ಅಕ್ಷರನೂ ಕೇಳಿಸ್ಕೊಂಡಿದೀನಿ. ಅತ್ತಿದೀನಿ."

ಟೈಲರ್ ಬಟ್ಟೆಯನ್ನು ಅವನ ಕಣ್ಣೆದುರು ಹಿಡಿದಳು.

"ನೀವು ಕೂರುತ್ತಿದ್ದ ಬೆಂಚು ಪಕ್ಕದ ರೂಮಿನದು. ಮೊದಲ ದಿನವೇ ನೋಡಿದೆ. ಮಾತಾಡೋ ಹಾಗಿರಲಿಲ್ಲ."

ಡ್ರೈವರ್ ಅದನ್ನು ಓದಿದ. ಓದುವಾಗ ಅವನ ತಲೆಯಲ್ಲಿ ಯಾವ ದನಿ ಕೇಳಿಸಿತೋ, ತಲೆ ಕೊಡವಿಕೊಂಡ. ಮನೆಯಲ್ಲಿ ಮೌನ, ಬಾಗಿಲಾಚೆ ಒಂದು ದನಿ. ಕೊನೆಗೆ ಕಿವಿಯಲ್ಲಿ ನಿಂತದ್ದು ಅದೇ. ಹದಿನೆಂಟು ವರ್ಷದ್ದನ್ನು ಅದು ಒರೆಸಿಹಾಕಿತ್ತು.

ಅವನು ಹೆಂಡತಿಯನ್ನು ನೋಡದೆ ಬೋರ್ಡಕ್ಕನಿಗೆ ಹೇಳಿದ. "ಅಕ್ಕಾ, ಕೇಳ್ತೀನಿ ಅಂತ ಬೈಬೇಡಿ. ಆ ಇನ್ನೊಂದರ ನಕಲು ಇದೆಯಲ್ಲ. ಫೋನಿಗೆ ಅದನ್ನೇ ಹಾಕಿಸಿದ್ರೆ... ಆ ಹೆಂಗಸಿಗೆ ಯಾರೂ ಇಲ್ಲವಲ್ಲ, ಯಾರಿಗೂ ನಷ್ಟ ಇಲ್ಲ..."

ಬೋರ್ಡಕ್ಕ ಎದ್ದೇಬಿಟ್ಟಳು. ಅವಳು ಶುರು ಮಾಡಿದ್ದರೆ ಡ್ರೈವರನಿಗೆ ಮೆಟ್ಟಿಲು ಇಳಿಯಲೂ ಪುರುಸೊತ್ತು ಸಿಗುತ್ತಿರಲಿಲ್ಲ. ಆದರೆ ಟೈಲರ್ ಕೈ ಚಾಚಿ ತಾನೇ ಪಟ್ಟಿಯ ಕಟ್ಟಕಡೆಯದನ್ನು ಒತ್ತಿದಳು.

"ಮಧ್ಯೆ ಬಾಯಿ ಹಾಕಬೇಡಿ" ಎಂದಿತು ದಪ್ಪ ದನಿ.

ಡ್ರೈವರ್ ಬಾಯಿ ಮುಚ್ಚಿದ. ಟೈಲರ್ ಮತ್ತೆ ಒತ್ತಿದಳು. ಮತ್ತೆ. ತನ್ನ ದನಿಯ ಅಳತೆ ತೆಗೆದುಕೊಳ್ಳುವವಳಂತೆ ತಲೆ ವಾಲಿಸಿ ಕೇಳುತ್ತ, ಕಣ್ಣೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಒತ್ತುತ್ತಲೇ ಇದ್ದಳು.

*

ಅವರು ಡಿಸ್ಕು ತೆಗೆದುಕೊಂಡು ಹೋದ ಮೇಲೆ ಸಂಜೆಯಾಗುತ್ತಿತ್ತು. ಮೇಜಿನ ಮೇಲೆ ನೀಲಿ ಬೊಟ್ಟಿನ ಡಿಸ್ಕು ಬೆನ್ನು ಬಿಚ್ಚಿಕೊಂಡು ಬಿದ್ದಿತ್ತು. ನಕಲು ಕಂಪ್ಯೂಟರಿನಲ್ಲಿತ್ತು. ಆ ಹೆಂಗಸೂ ಕೊನೆಗೆ ಸ್ವಂತ ಮಾತು ಹೇಳಿರಬೇಕಲ್ಲ. ಕೇಳಬಾರದು ಎಂದುಕೊಂಡೇ ಬೋರ್ಡಕ್ಕ ಒತ್ತಿದಳು.

ಕೊನೆಯ ಫೈಲುಗಳಲ್ಲಿ ಬರೀ ಉಸಿರು. ಕುರ್ಚಿ ಕಿರ್ರೆಂದ ಸದ್ದು. "ಏನಾದ್ರೂ ಹೇಳಿ, ಮನೆಯವರಿಗೆ ಹೇಳೋ ಅಂಥದ್ದು" ಎಂದು ದೂರದಿಂದ ಸಿಸ್ಟರಿನ ಮಾತು. ಮತ್ತೆ ಉಸಿರು. ಕಟ್ಟಕಡೆಯದರಲ್ಲಿ ಆ ತೆಳು ದನಿ ಬಾಗಿಲ ಕಡೆ ತಿರುಗಿ ಆಡಿದ ಹಾಗೆ ಸ್ವಲ್ಪ ದೂರ ಸರಿದು ಕೇಳಿಸಿತು.

"ಹೊರಗೆ ಕೂತಿರೋರೇ, ಅಳಬೇಡಿ. ನೀವು ತಪ್ಪು ಬಾಗಿಲಲ್ಲಿ ಕೂತಿದೀರಿ." ಸ್ವಲ್ಪ ಹೊತ್ತು ಏನೂ ಇಲ್ಲ. "ಆದ್ರೂ ನಾಳೆನೂ ಬನ್ನಿ."

ಬೋರ್ಡಕ್ಕ ಕಂಪ್ಯೂಟರ್ ಆರಿಸಿ, ಮೇನ್ ಸ್ವಿಚ್ ಇಳಿಸಿ, ಶಟರ್ ಎಳೆದು ಮನೆಗೆ ಹೋದಳು. ಯಾರಿಗೂ ಏನೂ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಬಂದಾಗ ಡ್ರೈವರ್ ಮುಚ್ಚಿದ ಶಟರಿಗೆ ಕಿವಿ ಆನಿಸಿ ಮೆಟ್ಟಿಲ ಮೇಲೆ ಕೂತಿದ್ದ.

"ಏನ್ರೀ ಇದು ಅವತಾರ?"

"ಡ್ಯೂಟಿಗೆ ಇನ್ನೂ ಹೊತ್ತಿದೆ."

"ಅದಕ್ಕೆ ಇಲ್ಲೇನು? ಮನೇಲಿ ಹೆಂಡ್ತಿ ಇಲ್ವಾ?"

"ನಾಳೆನೂ ಬನ್ನಿ ಅಂದಿದ್ರಲ್ಲ" ಎಂದ ಅವನು.

ಬೋರ್ಡಕ್ಕನ ಕೈಯಲ್ಲಿದ್ದ ಬೀಗದ ಕೈ ಜಾರಿ ಬಿತ್ತು. "ಯಾರಂದ್ರು? ಯಾವಾಗ?"

"ಆಸ್ಪತ್ರೇಲಿ. ಕೊನೇ ದಿನ. ಬಾಗಿಲಾಚೆಯಿಂದ. ಅದಕ್ಕೆ ಮೊದಲಿಂದು ಸರಿಯಾಗಿ ಕೇಳಿಸಿರಲಿಲ್ಲ, ಅದೊಂದೇ ಕೇಳಿಸಿದ್ದು. ಇವಳೇ ಅಂದ್ಕೊಂಡಿದ್ದೆ. ನಾನು ಮಾರನೇ ದಿನ ಹೋಗೋ ಹೊತ್ತಿಗೆ ಇವಳನ್ನ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋಗಿದ್ರು. ಆ ಬೆಂಚಿಗೆ ನಾನು ಮತ್ತೆ ಹೋಗಲೇ ಇಲ್ಲ."

ಆಮೇಲೆ ಅವನು ದಿನಾ ಬರತೊಡಗಿದ. ಹಾಕಿ ಕೇಳಿಸಿ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಬೋರ್ಡಕ್ಕ ಬೈದು ಅಟ್ಟಬಹುದಿತ್ತು. ಸುಮ್ಮನೆ ಮೆಟ್ಟಿಲ ಮೇಲೆ ಕೂತು, ಡ್ಯೂಟಿಯ ಹೊತ್ತಿಗೆ ಎದ್ದು ಹೋಗುತ್ತಿದ್ದ. ಸುಮ್ಮನೆ ಕೂತವನಿಗೆ ಏನೆಂದು ಬೈಯುವುದು? ಅಳಿಸಿಬಿಡೋಣವೆಂದು ಅವಳು ಒಂದೆರಡು ಸಲ ಆ ನಕಲಿನ ಮೇಲೆ ಬೆರಳಿಟ್ಟಳು. ಕಟ್ಟಳೆ ಅಡ್ಡ ಬಂತು. ಅದನ್ನಲ್ಲದೆ ಆ ಹೆಂಗಸಿನದು ಇನ್ನೇನು ಉಳಿದಿತ್ತು?

ಒಂದು ಬೆಳಿಗ್ಗೆ ಅವಳು ಶಟರ್ ಎತ್ತುತ್ತಿರುವಾಗ ಟೈಲರ್ ಬೀದಿ ದಾಟಿ ಬಂದಳು. ಕೈಯಲ್ಲಿ ಕಪ್ಪು ಬಟ್ಟೆಯಿರಲಿಲ್ಲ, ಸೀಮೆಸುಣ್ಣವಿರಲಿಲ್ಲ. ಫೋನಿತ್ತು. ಗಂಡನ ಬೆನ್ನ ಹಿಂದೆ ಬಂದು ನಿಂತು, ಬೆರಳಾಡಿಸಿ ಒತ್ತಿದಳು.

"ರೀ" ಎಂದಿತು ಫೋನು. ಅದೇ ದಪ್ಪ, ಒರಟು ದನಿ. ಆಸ್ಪತ್ರೆಯವರು ಕೆಲಸ ಅಚ್ಚುಕಟ್ಟಾಗಿ ಮಾಡಿದ್ದರು.

ಡ್ರೈವರ್ ಅಲುಗಲಿಲ್ಲ.

"ರೀ, ಮನೆಗೆ ನಡೀರಿ."

ಡ್ರೈವರ್ ತಲೆ ಎತ್ತದೆ, ತಿರುಗಿಯೂ ನೋಡದೆ, ಮೆಟ್ಟಿಲ ಒಂದು ಬದಿಗೆ ಸರಿದು ಕೂತ. ಅಂಗಡಿಗೆ ಬಂದ ಯಾರೋ ಗಿರಾಕಿಗೆ ದಾರಿ ಬಿಟ್ಟಂತೆ.

ಟೈಲರಿನ ಬೆರಳು ಫೋನಿನ ಮೇಲೆ ಹಾಗೇ ನಿಂತಿತು.

"ಏಯ್!" ಬೋರ್ಡಕ್ಕ ಕಿರುಚಿದ ರಭಸಕ್ಕೆ ಎದುರು ಮನೆಯ ಕಿಟಕಿ ತೆರೆಯಿತು. "ಕಿವಿಗೆ ಏನು ಬಡ್ಕೊಂಡಿದೆ? ನಿಮ್ಮ ಹೆಂಡ್ತಿ ಕರೀತಿದಾಳೆ! ನಿಮ್ಮನ್ನ!"

ಆಗ ಅವನು ತಿರುಗಿದ. ಹೆಂಡತಿಯ ಮುಖ ನೋಡಿದ, ಫೋನು ನೋಡಿದ, ತಾನು ಬಿಟ್ಟುಕೊಟ್ಟ ಜಾಗ ನೋಡಿದ. ಏನು ಮಾಡಿದೆನೆಂದು ಆಗ ತಿಳಿಯಿತು.

ಟೈಲರ್ ಆ ಖಾಲಿ ಜಾಗದಲ್ಲಿ ಕೂತಳು. ಅವಳಿಗೂ ಸಿಟ್ಟು ಬಂದಿತ್ತು, ಕತ್ತಿನ ಬಟ್ಟೆ ಜೋರಾಗಿ ಏರಿಳಿಯುತ್ತಿತ್ತು. ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಫೋನನ್ನು ತನ್ನ ಗಂಟಲಿಗೆ ಒತ್ತಿ ಹಿಡಿದಳು. ಒಂದನೇ ನಂಬರಿನಿಂದ ಶುರು ಮಾಡಿದಳು.

"ನನಗೆ ಸ್ವಲ್ಪ ನೀರು ಬೇಕು" ಎಂದಿತು ಅವಳ ಗಂಟಲು.

ಡ್ರೈವರನ ತುಟಿ ಅಲುಗಿತು. ಪಾಠ ಒಪ್ಪಿಸುವ ಮಗುವಿನಂತೆ ಹಿಂದೆಯೇ ಹೇಳಿದ.

"ಬಾಗಿಲ ಹತ್ತಿರ ಯಾರಿದ್ದಾರೆ?"

"ನಾನು" ಎಂದ ಡ್ರೈವರ್. ಟೈಲರ್ ಹಾಗಲ್ಲ ಎನ್ನುವಂತೆ ತಲೆಯಲ್ಲಾಡಿಸಿ ಅದನ್ನೇ ಮತ್ತೆ ಒತ್ತಿದಳು. ಅವನ ಕಣ್ಣು ಅವಳ ಬಾಯಿಯ ಮೇಲಿತ್ತು. ಆದರೆ ಪ್ರತಿ ವಾಕ್ಯದ ಕೊನೆಗೂ ಕಿವಿ ಒಂದಿಷ್ಟು ಶಟರಿನ ಕಡೆ ವಾಲುತ್ತಿತ್ತು. ಪ್ರತಿ ಸಲವೂ ಅವಳು ಗಲ್ಲ ಹಿಡಿದು ಸರಿಮಾಡುತ್ತಿದ್ದಳು.

ಬೋರ್ಡಕ್ಕ ಒಳಗೆ ಬಂದಳು. ಮೇನ್ ಸ್ವಿಚ್ ಇನ್ನೂ ಹಾಕಿರಲಿಲ್ಲ. ಮಬ್ಬಿನಲ್ಲಿ ನೀಲಿ ಬೊಟ್ಟಿನ ಡಿಸ್ಕನ್ನು ಎತ್ತಿಕೊಂಡಳು, ಮೂಲೆಯ ಪುಟ್ಟ ಬೀರುವಿನ ತಳಕ್ಕೆ ಹಾಕಿ ಬೀಗ ಜಡಿದುಬಿಡೋಣವೆಂದು. ಬೋರ್ಡಿಲ್ಲ, ತಂತಿಯಿಲ್ಲ, ಇಷ್ಟು ದಿನದಿಂದ ಯಾರೂ ಮುಟ್ಟಿಲ್ಲ. ಆದರೂ ಅದರ ಬೆನ್ನು ಈಗಷ್ಟೇ ಓಡಿ ನಿಂತ ಡಿಸ್ಕಿನ ಹಾಗೆ ಬೆಚ್ಚಗಿತ್ತು.

ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಳು. ಆಮೇಲೆ ಬೀರುವಿಗೆ ಹಾಕಲಿಲ್ಲ. ಮೆಟ್ಟಿಲ ಮೇಲಿನ ಮಾತು ಕೇಳಿಸುವಂತೆ ಬಾಗಿಲಿಗೆ ಹತ್ತಿರದ ಡಬ್ಬದಲ್ಲಿಟ್ಟು, ಮುಚ್ಚಳ ಹಾಕದೆ ಹಾಗೇ ಬಿಟ್ಟಳು.